ಮೀನಿನ ತೊಟ್ಟಿಗೆ ತಾರಸಿಯ ಬಿಸಿಲು

ಗಾಜಿನ ತೊಟ್ಟಿಯಲ್ಲಿ ಮೀನು ಸಾಕಿ, ಬಿಡುವಿನ ವೇಳೆಯಲ್ಲಿ ಅದರ ಮುಂದೆ ಕುಳಿತು ನೋಡಿ ಸಂತೋಷಪಡುವ ಹವ್ಯಾಸವು ಹುಟ್ಟಿದ ಕಾಲದಲ್ಲಿ ಅದಕ್ಕೆ ವಿದ್ಯುತ್ತಿನ ಹಂಗೇ ಇರಲಿಲ್ಲ. ಲಂಡನ್ನಿನ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞನು ಎರಡು ಗೋಲ್ಡ್ ಫಿಶ್‌ಗಳನ್ನೂ, ವ್ಯಾಲಿಸ್ನೇರಿಯಾ ಎಂಬ ಜಲಸಸ್ಯವನ್ನೂ, ಕೊಳೆತ ಎಲೆಗಳನ್ನು ತಿಂದು ಚೊಕ್ಕಟಗೊಳಿಸುವ ಕೆಲವು ಬಸವನಹುಳುಗಳನ್ನೂ ಒಂದೇ ತೊಟ್ಟಿಯಲ್ಲಿಟ್ಟು, ಸಸ್ಯವು ಬೆಳಕಿನಲ್ಲಿ ಬಿಡುವ ಆಮ್ಲಜನಕವು ಮೀನಿಗೂ, ಮೀನು ಬಿಡುವ ಇಂಗಾಲದ ಡೈಆಕ್ಸೈಡು ಸಸ್ಯಕ್ಕೂ ಒದಗಿಬರುವುದರಿಂದ ನೀರು ಕೆಡದೆ ಬಹುಕಾಲ ನಿಲ್ಲಬಲ್ಲುದೆಂಬುದನ್ನು 1850ರಲ್ಲಿ ವಿದ್ವಜ್ಜನರ ಮುಂದಿಟ್ಟನು. 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಮೀನಿನ ಮನೆಯೊಂದು ಸಾರ್ವಜನಿಕರಿಗಾಗಿ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಎಂಬ ಪ್ರಕೃತಿವಿಜ್ಞಾನಿಯ 'ದಿ ಅಕ್ವೇರಿಯಂ' ಎಂಬ ಗ್ರಂಥವು ಹೊರಬಂದು, ಆ ಹೆಸರೂ ಹವ್ಯಾಸವೂ ಮನೆಮಾತಾದುವು. ಆ ತೊಟ್ಟಿಗಳನ್ನು ನಡೆಸುತ್ತಿದ್ದುದು ಬೆಳಕೇ ಹೊರತು ಯಂತ್ರವಲ್ಲ.

ಅಲ್ಲಿಂದೀಚೆಗೆ ಹವ್ಯಾಸದ ಸ್ವರೂಪವು ಬಹಳ ಮಟ್ಟಿಗೆ ಬದಲಾಗಿದೆ. ಅಮೆಜಾನ್ ನದೀಪ್ರದೇಶದ ಬೆಚ್ಚನೆಯ ನೀರಿಗೆ ಒಗ್ಗಿದ ಡಿಸ್ಕಸ್ ಮೀನು ಇಂದು ಬೆಂಗಳೂರಿನ ಹಜಾರವೊಂದರಲ್ಲಿ ಸುಖವಾಗಿದೆ. ಹವಳದ ದಿಬ್ಬಗಳ ನಿವಾಸಿಯಾದ ಕ್ಲೌನ್ ಮೀನು ಸಮುದ್ರತೀರದಿಂದ ಬಹುದೂರದಲ್ಲಿ, ಅಪಾರ್ಟ್‌ಮೆಂಟಿನ ಮೇಲಂತಸ್ತಿನಲ್ಲಿ ಬಾಳುತ್ತಿದೆ. ಈ ಬಗೆಯ ಸ್ಥಾನಪಲ್ಲಟವನ್ನು ಸಾಧ್ಯಗೊಳಿಸಿರುವುದು ಫಿಲ್ಟರು, ಏರ್ ಪಂಪು, ಹೀಟರು, ಎಲ್‌.ಇ.ಡಿ. ದೀಪ, ಚಿಲ್ಲರು ಮೊದಲಾದ ಉಪಕರಣಗಳು. ಅವುಗಳಲ್ಲಿ ಕೆಲವಕ್ಕೆ ಹಗಲಿರುಳೆಂಬ ಭೇದವಿಲ್ಲದೆ, ವರ್ಷದ ಎಲ್ಲ ದಿನವೂ ಕರೆಂಟು ಬೇಕು. ತಿಂಗಳ ಕೊನೆಗೆ ಬಿಲ್ಲು ಬಂದಾಗ, ಮನೆಯ ಯಜಮಾನಿಯ ದೃಷ್ಟಿಯು ಮೊದಲು ಬಿಲ್ಲಿನ ಮೇಲೂ ಆಮೇಲೆ ತೊಟ್ಟಿಯ ಮೇಲೂ ಹರಿಯುವುದು ಸಹಜ. ಆಗಲೇ ಯಾರಾದರೊಬ್ಬರು, "ತಾರಸಿಯ ಮೇಲೆ ಸೋಲಾರ್ ಹಾಕಿಸಿಬಿಡಿ, ಎಲ್ಲ ಸರಿಹೋಗುತ್ತದೆ" ಎಂಬ ಸಲಹೆಯನ್ನು ಕೊಡುವುದುಂಟು.

ಸಲಹೆಯು ತಪ್ಪಲ್ಲ, ಆದರೆ ಅದರೊಳಗೆ ಮೂರು ಬೇರೆ ಬೇರೆ ಪ್ರಶ್ನೆಗಳು ಒಂದಾಗಿ ಬೆರೆತುಹೋಗಿವೆ. ತೊಟ್ಟಿಯು ನಿಜವಾಗಿ ಎಷ್ಟು ವಿದ್ಯುತ್ತನ್ನು ವ್ಯಯಿಸುತ್ತಿದೆ, ಅದರಲ್ಲಿ ಎಷ್ಟು ಅನಾವಶ್ಯಕ ಎಂಬುದು ಮೊದಲನೆಯದು. ಅವಶ್ಯವಾದಷ್ಟನ್ನು ಬಿಸಿಲಿನಿಂದ ಪಡೆದರೆ ಹಣವು ಉಳಿಯುವುದೆ ಎಂಬುದು ಎರಡನೆಯದು. ಲೈನಿನ ಕರೆಂಟು ಹೋದಾಗ ಮೀನುಗಳ ಪ್ರಾಣವನ್ನು ಕಾಯುವವರು ಯಾರು ಎಂಬುದು ಮೂರನೆಯದು. ಈ ಮೂರಕ್ಕೂ ಒಂದೇ ಉತ್ತರವುಂಟೆಂದು ನಂಬಿ ತಾರಸಿಯ ಮೇಲೆ ಹಣ ಸುರಿದವರಿಗೆ ಬಿಲ್ಲು ಇಳಿದ ಸಂತೋಷವೇನೋ ಲಭಿಸೀತು. ಆದರೆ ತೊಟ್ಟಿಯು ಕ್ಷೇಮವಾಗಿದೆಯೆಂಬ ನೆಮ್ಮದಿಯು ಅದರೊಡನೆ ತಾನಾಗಿ ಬಾರದು.

ಮೊದಲು ವ್ಯಯದ ಲೆಕ್ಕ. ನೂರು ಲೀಟರ್ ನೀರು ಹಿಡಿಯುವ ಸಾಧಾರಣ ಸಿಹಿನೀರಿನ ತೊಟ್ಟಿಯೊಂದನ್ನು ದೃಷ್ಟಾಂತವಾಗಿಟ್ಟುಕೊಳ್ಳೋಣ. ಅದರ ಫಿಲ್ಟರು 12 ವ್ಯಾಟ್, ಏರ್ ಪಂಪು 4 ವ್ಯಾಟ್. ಇವೆರಡೂ 24 ಗಂಟೆಯೂ ನಡೆಯುತ್ತವೆ. ದೀಪವು 24 ವ್ಯಾಟ್. ಅದು ದಿನಕ್ಕೆ 8 ಗಂಟೆ ಉರಿದರೆ ಸಾಕು, ಹೆಚ್ಚು ಉರಿದರೆ ಪಾಚಿಯ ಹೊರತು ಬೇರೆ ಫಲವಿಲ್ಲ. ಮೂರನ್ನೂ ಕೂಡಿದರೆ ದಿನಕ್ಕೆ 576 ವ್ಯಾಟ್-ಗಂಟೆ, ಎಂದರೆ ಅರ್ಧ ಯೂನಿಟ್ಟಿಗಿಂತ ಸ್ವಲ್ಪ ಹೆಚ್ಚು. ತಿಂಗಳಿಗೆ ಸುಮಾರು 17 ಯೂನಿಟ್. ಯೂನಿಟ್ಟಿಗೆ 6 ರೂಪಾಯಿಯಂತೆ ಹಿಡಿದರೂ ನೂರು ರೂಪಾಯಿಯ ಆಚೀಚೆ. ಮಳಿಗೆಯವನು ಹೇಳುವ ದೊಡ್ಡ ವ್ಯಾಟುಗಳಿಗೆ ಹೆದರುವ ನಾವು ಈ ಸಣ್ಣ ವ್ಯಾಟುಗಳನ್ನು ಉಪೇಕ್ಷಿಸುತ್ತೇವೆ. ವಸ್ತುತಃ ತೊಟ್ಟಿಯ ಲೆಕ್ಕದಲ್ಲಿ ವ್ಯಾಟಿನಷ್ಟೇ ಮುಖ್ಯವಾದುದು ಗಂಟೆ. 12 ವ್ಯಾಟಿನ ಫಿಲ್ಟರು ಎಡೆಬಿಡದೆ ಓಡಿ, ಅದರ ಎರಡರಷ್ಟು ವ್ಯಾಟಿನ ದೀಪಕ್ಕಿಂತ ಅಧಿಕವಾಗಿ ಕರೆಂಟನ್ನು ನುಂಗುತ್ತದೆ.

ಇಷ್ಟಕ್ಕೇ ನಿಂತಿದ್ದರೆ ಸೋಲಾರಿನ ಮಾತೇ ಬೇಕಿರಲಿಲ್ಲ. ಲೆಕ್ಕವನ್ನು ಕೆಡಿಸುವುದು ಹೀಟರು. ಅದರ ಪ್ರಭಾವವನ್ನು ಪ್ರತ್ಯಕ್ಷವಾಗಿ ಕಾಣಬೇಕೆಂಬವರು ಒಂದು ರಾತ್ರಿ ಮನೆಯ ಫ್ರಿಜ್ಜು, ಯು.ಪಿ.ಎಸ್., ಟಿ.ವಿ. ಎಲ್ಲವನ್ನೂ ಕೆಲವು ನಿಮಿಷಗಳ ಕಾಲ ಆರಿಸಿ, ತೊಟ್ಟಿಯೊಂದನ್ನೇ ನಡೆಯಗೊಟ್ಟು, ಟಾರ್ಚು ಹಿಡಿದು ಮೀಟರಿನ ಮುಂದೆ ನಿಲ್ಲಬೇಕು. ಮೀಟರಿನ ಮುಖದಲ್ಲಿ ಒಂದು ಪುಟ್ಟ ಕೆಂಪು ದೀಪವುಂಟು; ಒಂದು ಯೂನಿಟ್ಟಿಗೆ ಅದು ಎಷ್ಟು ಸಲ ಮಿಣುಕುವುದೆಂಬುದನ್ನು ಅದರ ಪಕ್ಕದಲ್ಲಿಯೇ ಅಚ್ಚುಹಾಕಿರುತ್ತಾರೆ. ಅದು 3200 ಎಂದಿಟ್ಟುಕೊಳ್ಳೋಣ. ಫಿಲ್ಟರೂ ಏರ್ ಪಂಪೂ ಮಾತ್ರ ನಡೆಯುತ್ತಿರುವಾಗ ಆ ದೀಪವು ಒಮ್ಮೆ ಮಿಣುಕಿ, ಮತ್ತೆ ಮಿಣುಕುವುದಕ್ಕೆ 70 ಸೆಕೆಂಡುಗಳಷ್ಟು ತಡೆಯುತ್ತದೆ. ಕೆಟ್ಟುಹೋಯಿತೋ ಏನೋ ಎಂದು ಅನುಮಾನ ಬರುವಷ್ಟು ವಿಳಂಬ. ಅಷ್ಟರಲ್ಲಿ 100 ವ್ಯಾಟಿನ ಹೀಟರು ಟಿಕ್ ಎಂದು ಹೊತ್ತಿಕೊಂಡರೆ, ಹತ್ತು ಸೆಕೆಂಡಿಗೊಮ್ಮೆ ಮಿಣುಕತೊಡಗುತ್ತದೆ. ಆ ಎರಡು ಗತಿಗಳ ಅಂತರವೇ ಬಿಲ್ಲಿನ ರಹಸ್ಯ.

ಹೀಟರು ಒಟ್ಟು ಎಷ್ಟು ಕರೆಂಟನ್ನು ನುಂಗುವುದೆಂಬುದನ್ನು ನಿರ್ಣಯಿಸುವುದು ಅದರ ವ್ಯಾಟಲ್ಲ. ನೀರಿಗೂ ಕೋಣೆಯ ಗಾಳಿಗೂ ನಡುವಣ ಉಷ್ಣಾಂತರ. ನೀರು ಕೋಣೆಗಿಂತ 5 ಡಿಗ್ರಿ ಬೆಚ್ಚಗಿರಬೇಕಾದರೆ, ಮುಚ್ಚಳವಿರುವ ನೂರು ಲೀಟರಿನ ತೊಟ್ಟಿಯು ಗಾಜಿನ ಮೂಲಕ ಎಡೆಬಿಡದೆ ಹೆಚ್ಚುಕಡಿಮೆ 30 ವ್ಯಾಟಿನಷ್ಟು ಶಾಖವನ್ನು ಹೊರಕ್ಕೆ ಬಿಡುತ್ತಿರುತ್ತದೆ; ಆ ನಷ್ಟವನ್ನು ತುಂಬಿಕೊಡಲು 100 ವ್ಯಾಟಿನ ಹೀಟರು ದಿನದಲ್ಲಿ ಏಳು ಗಂಟೆ ಉರಿಯಬೇಕಾಗುವುದು. ಅದು 0.7 ಯೂನಿಟ್, ಉಳಿದೆಲ್ಲ ಉಪಕರಣಗಳ ಒಟ್ಟು ವ್ಯಯಕ್ಕಿಂತ ಹೆಚ್ಚು. ದೊಡ್ಡ ಹೀಟರು ಹಾಕಿದರೆ ಖರ್ಚು ಹೆಚ್ಚೆಂದೂ ಚಿಕ್ಕದು ಹಾಕಿದರೆ ಉಳಿತಾಯವೆಂದೂ ಎಣಿಸುವವರುಂಟು. ಥರ್ಮೋಸ್ಟಾಟು ಸರಿಯಾಗಿದ್ದರೆ ದೊಡ್ಡದು ಕೆಲವೇ ಹೊತ್ತು, ಚಿಕ್ಕದು ಬಹಳ ಹೊತ್ತು ಉರಿಯುವುದೇ ಹೊರತು, ತಿಂಗಳ ಮೊತ್ತದಲ್ಲಿ ವ್ಯತ್ಯಾಸವಿರದು.

ತೆರೆದ ತೊಟ್ಟಿಯಾದರಂತೂ ನಷ್ಟವು ಇಮ್ಮಡಿಸುವ ಸಂಭವವುಂಟು. ಒಂದು ಲೀಟರ್ ನೀರು ಆವಿಯಾಗಿ ಹೋಗುವಾಗ ತನ್ನೊಡನೆ ಸುಮಾರು 0.68 ಯೂನಿಟ್ಟಿನಷ್ಟು ಶಾಖವನ್ನು ಹೊತ್ತೊಯ್ಯುತ್ತದೆ. ನೂರು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿಮಾಡಲು ಬೇಕಾದುದು 0.116 ಯೂನಿಟ್ ಮಾತ್ರವೆಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ದಿನಕ್ಕೊಂದು ಲೀಟರಿನಂತೆ ಕಡಿಮೆಯಾಗುವ ನೀರಿನ ಮಟ್ಟವು ಎಂಥ ದುಂದುಗಾರಿಕೆಯ ಕುರುಹೆಂಬುದು ಮನದಟ್ಟಾಗುವುದು. ಮಾಗಿಯ ಒಣಗಾಳಿಯಲ್ಲಿ ಮುಚ್ಚಳವಿಲ್ಲದ ತೊಟ್ಟಿಯನ್ನು ಹೀಟರಿನಿಂದ ಕಾಯಿಸುವುದೆಂದರೆ ನೀರನ್ನು ಆವಿಮಾಡಲು ದುಡ್ಡು ತೆರುವುದೇ ಸರಿ. ಗಾಜಿನದೊಂದು ಮುಚ್ಚಳವನ್ನು ಹೊದಿಸಿದರೆ, ಬೆಳಗಿನ ಹೊತ್ತಿಗೆ ಅದರ ಒಳಮೈಯಲ್ಲಿ ಹನಿಗಳು ಸಾಲುಗಟ್ಟಿ ನಿಂತು, ಒಂದೊಂದಾಗಿ ತೊಟ್ಟಿಗೇ ಮರಳಿ ಬೀಳುವುದನ್ನು ಕಾಣಬಹುದು. ತೊಟ್ಟಿಯ ಹಿಂಬದಿಗೂ ಅಡಿಗೂ ಥರ್ಮಾಕೋಲಿನ ಹಲಗೆಯನ್ನು ಕೊಟ್ಟರೆ ಇನ್ನಷ್ಟು ಲಾಭ. ಈ ಎರಡು ವಸ್ತುಗಳ ಬೆಲೆಯು ಯಾವ ಸೋಲಾರ್ ಫಲಕದ ಬೆಲೆಗೂ ಹೋಲಿಸಲು ಬಾರದಷ್ಟು ಅಲ್ಪ.

ಇದಕ್ಕಿಂತಲೂ ಮೂಲಭೂತವಾದ ಮಿತವ್ಯಯವೊಂದುಂಟು: ಊರಿಗೆ ತಕ್ಕ ಮೀನನ್ನು ಆರಿಸುವುದು. ಗೋಲ್ಡ್ ಫಿಶ್ ತಂಪು ನೀರಿನ ಮೀನು. 18ರಿಂದ 22 ಡಿಗ್ರಿಯಲ್ಲಿ ಅದು ಹಾಯಾಗಿರುತ್ತದೆ. ಬೆಂಗಳೂರಿನ ಚಳಿಗಾಲದಲ್ಲಿ ಅದಕ್ಕೆ ಹೀಟರಿನ ಗೊಡವೆ ಬೇಡ. ನಮ್ಮ ಪಶ್ಚಿಮಘಟ್ಟದ ಹೊಳೆಗಳಲ್ಲಿಯೇ ಹುಟ್ಟಿ, 'ಮಿಸ್ ಕೇರಳ' ಎಂಬ ಹೆಸರಿನಿಂದ ಲೋಕದ ಅಕ್ವೇರಿಯಂಗಳಲ್ಲೆಲ್ಲ ಪ್ರಸಿದ್ಧವಾಗಿರುವ ಕೆಂಪು ಗೆರೆಯ ಮೀನೂ, ಸದಾ ಚುರುಕಾಗಿ ಓಡಾಡುವ ಜೀಬ್ರಾ ಡೇನಿಯೊ ಮೀನೂ ತಂಪನ್ನು ಸಹಿಸಬಲ್ಲುವು. ಅದೇ ಡಿಸ್ಕಸ್ ಮೀನಿಗೆ 28ರಿಂದ 30 ಡಿಗ್ರಿಯ ನೀರು ವರ್ಷವಿಡೀ ಬೇಕು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮಿಗಿಲಾದ ಎತ್ತರದಲ್ಲಿರುವ ತಂಪು ಊರಾದುದರಿಂದ ಆ ಮೀನನ್ನು ಇಲ್ಲಿ ಸಾಕುವುದು ದುಬಾರಿ. ಮಂಗಳೂರಿನ ಮನೆಯಲ್ಲಿ ಅದೇ ಮೀನು, ಅದೇ ತೊಟ್ಟಿ. ಹೀಟರಿನ ಕೆಲಸ ಮಾತ್ರ ಬಹಳ ಕಡಿಮೆ.

ಫಿಲ್ಟರಿನ ವಿಷಯದಲ್ಲಿಯೂ ವಿವೇಕಕ್ಕೆ ಎಡೆಯುಂಟು. ಮೀನು ಮರಿಮಾಡಿಸುವ ಕಸುಬಿನವರ ಮನೆಗೆ ಹೋದರೆ, ಹತ್ತಾರು ತೊಟ್ಟಿಗಳಿಗೆ ಹತ್ತಾರು ಮೋಟಾರುಗಳಿರುವುದಿಲ್ಲ. ಒಂದೇ ಏರ್ ಪಂಪಿನಿಂದ ಸಣ್ಣ ಪೈಪುಗಳು ಕವಲೊಡೆದು, ಪ್ರತಿಯೊಂದು ತೊಟ್ಟಿಯ ಸ್ಪಂಜ್ ಫಿಲ್ಟರನ್ನೂ ಗುಳುಗುಳು ಎನ್ನಿಸುತ್ತಿರುತ್ತವೆ. ಸಮುದ್ರದ ತೊಟ್ಟಿ ಇಟ್ಟುಕೊಂಡವರಿಗೆ ವೇಗವನ್ನು ಹೆಚ್ಚುಕಡಿಮೆ ಮಾಡಬಹುದಾದ ಡಿ.ಸಿ. ಪಂಪುಗಳಿವೆ, ಇವುಗಳ ವೇಗವನ್ನು ಐದರಲ್ಲಿ ಒಂದು ಪಾಲು ತಗ್ಗಿಸಿದರೆ, ಶಕ್ತಿಯು ವೇಗದ ಘನವನ್ನು ಅನುಸರಿಸುವ ನಿಯಮದಿಂದಾಗಿ, ಕರೆಂಟಿನ ವ್ಯಯವು ಸುಮಾರು ಅರ್ಧಕ್ಕೆ ಇಳಿಯುವುದು.

ಇಂಥ ಸಮುದ್ರದ ತೊಟ್ಟಿಯೇ ಸೋಲಾರಿನ ವಿಚಾರವನ್ನು ಗಂಭೀರವಾಗಿ ಪರಿಗಣಿಸಬೇಕಾದ ಸಂದರ್ಭ. 300 ಲೀಟರಿನ ಹವಳದ ತೊಟ್ಟಿಯೊಂದರಲ್ಲಿ ನೀರೆತ್ತುವ ಪಂಪು, ನೊರೆಯ ಮೂಲಕ ಕಲ್ಮಷವನ್ನು ತೆಗೆಯುವ ಸ್ಕಿಮ್ಮರು, ಅಲೆಯೆಬ್ಬಿಸುವ ಮೋಟಾರು ಎಲ್ಲ ಸೇರಿ 80 ವ್ಯಾಟಿನಂತೆ ದಿನವಿಡೀ ನಡೆದರೆ 1.9 ಯೂನಿಟ್, ಹವಳಕ್ಕೆ ಬೇಕಾದ ಪ್ರಖರ ದೀಪವು 120 ವ್ಯಾಟಿನಂತೆ 9 ಗಂಟೆ ಉರಿದರೆ 1.1 ಯೂನಿಟ್, ಬೇಸಿಗೆಯಲ್ಲಿ ನೀರನ್ನು ತಂಪಾಗಿಡುವ ಚಿಲ್ಲರು 200 ವ್ಯಾಟಿನಂತೆ 8 ಗಂಟೆ ನಡೆದರೆ 1.6 ಯೂನಿಟ್. ಒಟ್ಟು ದಿನಕ್ಕೆ 4.6 ಯೂನಿಟ್, ತಿಂಗಳಿಗೆ 138. ಮಿತವಾಗಿ ಬಾಳುವ ಸಣ್ಣ ಸಂಸಾರವೊಂದರ ಇಡೀ ಮನೆಯ ಬಳಕೆಗೆ ಇದು ಸರಿಸಾಟಿ. ಚಿಲ್ಲರನ್ನು ಕೊಳ್ಳುವ ಮುನ್ನ, ನೀರಿನ ಮೇಲ್ಮೈಗೆ ಗಾಳಿ ಬೀಸುವ ನಾಲ್ಕೈದು ವ್ಯಾಟಿನ ಪುಟ್ಟ ಫ್ಯಾನನ್ನು ಪರೀಕ್ಷಿಸಿ ನೋಡುವುದು ಒಳಿತು. ಚಳಿಗಾಲದಲ್ಲಿ ಶತ್ರುವಾಗಿದ್ದ ಬಾಷ್ಪೀಭವನವೇ ಬೇಸಿಗೆಯಲ್ಲಿ ಮಿತ್ರನಾಗಿ ನೀರನ್ನು ಎರಡು ಮೂರು ಡಿಗ್ರಿ ಇಳಿಸಬಲ್ಲುದು. ತಗ್ಗಿದ ನೀರಿಗೆ ಪ್ರತಿಯಾಗಿ ಶುದ್ಧವಾದ ಸಿಹಿನೀರನ್ನು ದಿನವೂ ತುಂಬುತ್ತಿರಬೇಕು. ಉಪ್ಪು ಆವಿಯಾಗಿ ಹೋಗುವುದಿಲ್ಲವಷ್ಟೆ.

ಇಷ್ಟೆಲ್ಲ ಬಿಗಿಹಿಡಿದ ಮೇಲೆ ಉಳಿಯುವ ಬಳಕೆಯನ್ನು ಬಿಸಿಲಿನಿಂದ ಪಡೆಯುವ ಬಗೆ ಹೇಗೆ? ಬೆಳಕಿನಿಂದ ವಿದ್ಯುತ್ಪ್ರವಾಹವು ಹುಟ್ಟುವುದನ್ನು ಫ್ರಾನ್ಸಿನ ಎಡ್ಮಂಡ್ ಬೆಕೆರೆಲ್ 1839ರಷ್ಟು ಹಿಂದೆಯೇ ಕಂಡಿದ್ದನು. ಆದರೆ ಕಾರ್ಯೋಪಯೋಗಿಯಾದ ಸಿಲಿಕಾನ್ ಕೋಶವು ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಸಿದ್ಧವಾಗಿ ಜನರ ಮುಂದೆ ಬಂದುದು 1954ರಲ್ಲಿ. ಅಂದು ಅದರ ಮೇಲೆ ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಆರರಷ್ಟು ಮಾತ್ರ ವಿದ್ಯುತ್ತಾಗುತ್ತಿತ್ತು. ಇಂದು ಮನೆಗಳ ಮೇಲೆ ಹಾಕುವ ಫಲಕಗಳಲ್ಲಿ ಅದು ಇಪ್ಪತ್ತನ್ನು ಮೀರಿದೆ. ನಮ್ಮ ಬಯಲುಸೀಮೆಯ ಬಿಸಿಲು ಈ ಕಾರ್ಯಕ್ಕೆ ಹೇಳಿಮಾಡಿಸಿದಂಥದು. ತುಮಕೂರು ಜಿಲ್ಲೆಯ ಪಾವಗಡದಲ್ಲಿ 2050 ಮೆಗಾವ್ಯಾಟಿನ ಸೋಲಾರ್ ಪಾರ್ಕು ತಲೆಯೆತ್ತಿರುವುದು ಅದೇ ಬಿಸಿಲಿನ ಭರವಸೆಯಿಂದ.

ಒಂದು ಕಿಲೊವ್ಯಾಟಿನ ಫಲಕಗಳಿಗೆ ಸುಮಾರು ನೂರು ಚದರಡಿ ನೆರಳಿಲ್ಲದ ತಾರಸಿ ಬೇಕು. ವರ್ಷದ ಸರಾಸರಿಯಲ್ಲಿ ಅದರಿಂದ ದಿನಕ್ಕೆ 4 ಯೂನಿಟ್ಟುಗಳನ್ನು ನಿರೀಕ್ಷಿಸಬಹುದು. ಆ ಲೆಕ್ಕದಲ್ಲಿ, ಇಂದು ಸಾಮಾನ್ಯವಾಗಿ ದೊರೆಯುವ 540 ವ್ಯಾಟಿನ ಒಂದೇ ಫಲಕವು ನಾವು ಮೊದಲು ಹೇಳಿದಂಥ ಹೀಟರಿಲ್ಲದ ಮೂರು ತೊಟ್ಟಿಗಳ ಇಡೀ ದಿನದ ಬಳಕೆಯನ್ನು ಸರಿದೂಗಿಸುವುದು. 300 ಲೀಟರಿನ ಹವಳದ ತೊಟ್ಟಿಗೆ ಒಂದು ಕಿಲೊವ್ಯಾಟಿಗಿಂತ ಸ್ವಲ್ಪ ಹೆಚ್ಚೇ ಬೇಕಾದೀತು. ಫಲಕಗಳು ದಕ್ಷಿಣಾಭಿಮುಖವಾಗಿ, ಆಯಾ ಊರಿನ ಅಕ್ಷಾಂಶದಷ್ಟು, ಎಂದರೆ ಬೆಂಗಳೂರಿನಲ್ಲಿ 13 ಡಿಗ್ರಿಯಷ್ಟು, ಓರೆಯಾಗಿರುವುದು ವಿಹಿತ. ನೀರಿನ ಟ್ಯಾಂಕಿನದೋ ಪಕ್ಕದ ಮನೆಯ ತೆಂಗಿನ ಮರದ್ದೋ ನೆರಳು ಒಂದು ಫಲಕದ ಮೂಲೆಗೆ ಬಿದ್ದರೂ, ಅದರೊಡನೆ ಸರಣಿಯಲ್ಲಿ ಜೋಡಿಸಿದ ಉಳಿದವುಗಳ ಉತ್ಪತ್ತಿಯೂ ಕುಗ್ಗುವ ಸಂಭವವುಂಟು. ಆದಕಾರಣ ಕೆಲಸಗಾರರನ್ನು ಕರೆಸುವುದಕ್ಕೆ ಮೊದಲು, ಬೆಳಗ್ಗೆ ಒಂಬತ್ತಕ್ಕೂ ಮಧ್ಯಾಹ್ನ ಮೂರಕ್ಕೂ ತಾರಸಿಯನ್ನೇರಿ ನೆರಳಿನ ಜಾಡನ್ನು ನೋಡಿಕೊಂಡು ಬರುವುದು ಲೇಸು.

ಇಲ್ಲಿ ಋತುಮಾನದ ಸೂಕ್ಷ್ಮವೊಂದಿದೆ. ಮಾರ್ಚ್, ಏಪ್ರಿಲ್ ತಿಂಗಳ ನಡುಹಗಲಿನಲ್ಲಿ ಚಿಲ್ಲರು ಹೆಚ್ಚಾಗಿ ನಡೆಯುವ ವೇಳೆಗೇ ಫಲಕಗಳೂ ಸಮೃದ್ಧವಾಗಿ ಉತ್ಪಾದಿಸುತ್ತಿರುತ್ತವೆ. ಬೇಡಿಕೆಯೂ ಪೂರೈಕೆಯೂ ಕೈಹಿಡಿದು ನಡೆಯುತ್ತವೆ. ಹೀಟರಿನದು ಇದಕ್ಕೆ ತದ್ವಿರುದ್ಧವಾದ ನಡತೆ. ಅದು ಉರಿಯುವುದು ರಾತ್ರಿಯಲ್ಲಿ. ಮಡಿಕೇರಿ, ಚಿಕ್ಕಮಗಳೂರುಗಳಂಥ ಮಲೆನಾಡಿನ ಊರುಗಳಲ್ಲಿಯಾದರೆ ಮಳೆಗಾಲದ ಥಂಡಿಯಲ್ಲಿ ಹಗಲೂ ಉರಿಯಬೇಕು. ಅದೇ ಆಷಾಢ ಶ್ರಾವಣಗಳಲ್ಲಿ ಅಲ್ಲಿ ವಾರಗಟ್ಟಲೆ ಸೂರ್ಯದರ್ಶನವೇ ದುರ್ಲಭ. ತಂಪುಮಾಡುವ ಕೆಲಸಕ್ಕೆ ಸೋಲಾರು ಸಹಜಮಿತ್ರ. ಬಿಸಿಮಾಡುವ ಕೆಲಸಕ್ಕೆ ಬೇರೆಯವರ ಮಧ್ಯಸ್ಥಿಕೆಯಿಂದ ಮಾತ್ರ ಒದಗುವ ನೆಂಟ.

ಆ ಮಧ್ಯಸ್ಥಿಕೆಯನ್ನು ವಹಿಸುವುದು ನೆಟ್ ಮೀಟರ್ ಪದ್ಧತಿ. ಹಗಲಿನಲ್ಲಿ ಮನೆಯ ಬಳಕೆಗೆ ಮಿಕ್ಕ ವಿದ್ಯುತ್ತು ಲೈನಿಗೆ ಹರಿಯುತ್ತದೆ; ರಾತ್ರಿ ಬೇಕಾದಷ್ಟು ಲೈನಿನಿಂದ ಮನೆಗೆ ಬರುತ್ತದೆ; ಮೀಟರು ಎರಡನ್ನೂ ಬರೆದಿಟ್ಟುಕೊಂಡು ವ್ಯತ್ಯಾಸಕ್ಕೆ ಮಾತ್ರ ಬಿಲ್ಲಾಗುವಂತೆ ಮಾಡುತ್ತದೆ. ಸುಗ್ಗಿಯಲ್ಲಿ ಊರ ಕಣಜಕ್ಕೆ ಕಾಳು ಅಳೆದುಕೊಟ್ಟು, ಬೇಕಾದಾಗ ಅಳೆದು ತರುವ ಏರ್ಪಾಡಿನಂತೆ ಇದು. ಹೀಗಾಗಿ ಮನೆಯಲ್ಲಿ ದುಬಾರಿ ಬ್ಯಾಟರಿಗಳನ್ನು ಸಾಲಾಗಿ ಇಟ್ಟುಕೊಳ್ಳದೆಯೇ ಹಗಲಿನ ಬಿಸಿಲಿನಿಂದ ಇರುಳಿನ ಹೀಟರಿನ ಖರ್ಚನ್ನು ಸರಿದೂಗಿಸಬಹುದು. ಆದರೆ ಲೆಕ್ಕವೆಲ್ಲ ಕಳೆದು ನಮ್ಮ ಕಡೆಗೆ ಮಿಗುವ ಹೆಚ್ಚುವರಿಗೆ ಸಿಗುವ ದರವು ನಾವು ಕರೆಂಟಿಗೆ ತೆರುವ ದರಕ್ಕಿಂತ ಕಡಿಮೆ. ಆದುದರಿಂದ ಮನೆಯ ಬಳಕೆಗೆ ಮೀರಿದ ಫಲಕಗಳನ್ನು ಹಾಕಿ ಮಾರಾಟದಿಂದ ಸಂಪಾದಿಸುವೆನೆಂಬ ಆಸೆಯು ಬೇಡ.

ಹಣದ ಮಾತಿಗೆ ಬಂದರೆ, 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ಪಿ.ಎಂ. ಸೂರ್ಯಘರ್ ಯೋಜನೆಯ ಮೇರೆಗೆ ಮೊದಲ ಎರಡು ಕಿಲೊವ್ಯಾಟುಗಳಿಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000 ರೂಪಾಯಿ, ಒಟ್ಟಿನಲ್ಲಿ ಹೆಚ್ಚೆಂದರೆ 78,000 ರೂಪಾಯಿ ಸಹಾಯಧನವನ್ನು ನಿಗದಿಪಡಿಸಲಾಯಿತು. ಫಲಕಗಳು ದೇಶದಲ್ಲಿಯೇ ತಯಾರಾದುವಾಗಿರಬೇಕೆಂಬುದು ಅದರ ನಿಬಂಧನೆ. ಒಂದು ಕಿಲೊವ್ಯಾಟಿನ ವ್ಯವಸ್ಥೆಗೆ 65,000 ರೂಪಾಯಿ ತಗಲಿತೆಂದು ಭಾವಿಸಿದರೆ, ಕೈಯಿಂದ ಹೋಗುವುದು 35,000. ತಿಂಗಳಿಗೆ 120 ಯೂನಿಟ್, ಯೂನಿಟ್ಟಿಗೆ 6 ರೂಪಾಯಿಯಂತೆ ವರ್ಷಕ್ಕೆ 8,640 ರೂಪಾಯಿಯ ಉಳಿತಾಯ; ನಾಲ್ಕು ವರ್ಷಗಳಲ್ಲಿ ಹಾಕಿದ ಹಣವು ಹೆಚ್ಚುಕಡಿಮೆ ಹಿಂದಕ್ಕೆ ಬಂದಂತಾಯಿತು. ಫಲಕಗಳಿಗೆ ತಯಾರಕರು ಸಾಮಾನ್ಯವಾಗಿ 25 ವರ್ಷಗಳ ಖಾತರಿ ಕೊಡುತ್ತಾರೆ. ನಡುವೆ ಒಮ್ಮೆ ಇನ್ವರ್ಟರನ್ನು ಬದಲಾಯಿಸಬೇಕಾಗಬಹುದು. ಧೂಳು, ಹಕ್ಕಿಯ ಹಿಕ್ಕೆಗಳನ್ನು ಆಗಾಗ ತೊಳೆಯುತ್ತಿರಬೇಕು. ಎಷ್ಟೇ ಉತ್ಪಾದಿಸಿದರೂ ಮಂಜೂರಾದ ಕಿಲೊವ್ಯಾಟಿನ ಮೇಲೆ ವಿಧಿಸುವ ನಿಗದಿತ ಶುಲ್ಕವು ತಪ್ಪುವುದಿಲ್ಲವೆಂಬುದನ್ನೂ ಮರೆಯಬಾರದು.

ಕರ್ನಾಟಕದ ಗೃಹಸ್ಥರು ಇದರೊಡನೆ ಗೃಹಜ್ಯೋತಿ ಯೋಜನೆಯನ್ನೂ ತೂಗಿನೋಡಬೇಕು. 2023ರಲ್ಲಿ ಜಾರಿಗೆ ಬಂದ ಈ ಯೋಜನೆಯಲ್ಲಿ, 2022-23ರ ಸರಾಸರಿ ಬಳಕೆಗೆ ನೂರಕ್ಕೆ ಹತ್ತರಷ್ಟನ್ನು ಕೂಡಿಸಿ, 200 ಯೂನಿಟ್ಟಿನ ಮಿತಿಯೊಳಗೆ, ಆಯಾ ಮನೆಯ ಉಚಿತ ಬಳಕೆಯನ್ನು ಗೊತ್ತುಮಾಡಲಾಯಿತು. ಆ ಗೊತ್ತಾದ ಪ್ರಮಾಣದೊಳಗೇ ತೊಟ್ಟಿಯೂ ಅಡಗಿದ್ದರೆ, ಅವರಿಗೆ ಫಲಕದಿಂದ ಉಳಿಯುವ ಹಣವೇ ಇಲ್ಲ. ಅಂಥವರು ಸೋಲಾರ್ ಹಾಕಿಸುವುದಾದರೆ ಅದು ಅರ್ಥಶಾಸ್ತ್ರವಲ್ಲ, ಆದರ್ಶ. ಆದರೆ 150 ಯೂನಿಟ್ ಬಳಸುತ್ತಿದ್ದ ಮನೆಗೆ ಹವಳದ ತೊಟ್ಟಿಯೊಂದು ಪ್ರವೇಶಿಸಿ ತಿಂಗಳ ಮೊತ್ತವು 200ನ್ನು ದಾಟಿತೆಂದರೆ, ಮೀರಿದಷ್ಟಕ್ಕೆ ಮಾತ್ರವಲ್ಲ, ಆ ತಿಂಗಳ ಇಡೀ ಬಳಕೆಗೂ ಬಿಲ್ಲು ತೆರಬೇಕಾಗುವುದು. ಅಂಥ ಮನೆಯಲ್ಲಿ ತೊಟ್ಟಿಯ ನಿಜವಾದ ಬೆಲೆಯು ಅದು ನುಂಗುವ ಯೂನಿಟ್ಟುಗಳ ಬೆಲೆಗಿಂತ ಬಹಳ ಹೆಚ್ಚು.

ಇನ್ನು ಮೂರನೆಯ ಪ್ರಶ್ನೆ. ಹವ್ಯಾಸಿಗಳು ಅತ್ಯಂತ ಸುಲಭವಾಗಿ ಮೋಸಹೋಗುವುದು ಇಲ್ಲಿ. ತಾರಸಿಯ ಮೇಲೆ ಫಲಕಗಳಿದ್ದ ಮೇಲೆ ಕರೆಂಟು ಹೋದರೂ ತೊಟ್ಟಿ ನಡೆದೇ ನಡೆಯುವುದೆಂದು ಅನೇಕರು ನಂಬಿರುತ್ತಾರೆ. ನೆಟ್ ಮೀಟರಿಗೆ ಜೋಡಿಸಿದ ಸಾಧಾರಣ ಇನ್ವರ್ಟರಿನ ಧರ್ಮವೇ ಬೇರೆ: ಲೈನಿನಲ್ಲಿ ವಿದ್ಯುತ್ತು ನಿಂತ ಕ್ಷಣವೇ ಅದೂ ತನ್ನ ಕೆಲಸವನ್ನು ನಿಲ್ಲಿಸಿಬಿಡುತ್ತದೆ. ಇದು ದೋಷವಲ್ಲ, ರಕ್ಷಣೆ. ಲೈನು ಸತ್ತಿದೆಯೆಂದು ತಿಳಿದು ಕಂಬವನ್ನೇರಿದ ಲೈನ್‌ಮನ್ನನ ಕೈಗೆ ನಮ್ಮ ಮನೆಯ ಫಲಕದ ವಿದ್ಯುತ್ತು ತಗಲಬಾರದೆಂದು ಈ ನಿಯಮ. ಪರಿಣಾಮವಾಗಿ, ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ ಫಲಕಗಳು ಥಳಥಳಿಸುತ್ತಿರುವಾಗಲೇ ಕೆಳಗೆ ಫಿಲ್ಟರು ಸ್ತಬ್ಧವಾಗಿರುವುದು ಸಾಧ್ಯ.

ಫಿಲ್ಟರು ನಿಂತರೆ ಏನಾಗುವುದು? ಮೀನಿನ ಮಲಮೂತ್ರಗಳಿಂದ ಹುಟ್ಟುವ ವಿಷಕಾರಿ ಅಮೋನಿಯವನ್ನು ನೈಟ್ರೈಟಾಗಿಯೂ, ಅದನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟಾಗಿಯೂ ಮಾರ್ಪಡಿಸುವ ಬ್ಯಾಕ್ಟೀರಿಯಗಳು ಫಿಲ್ಟರಿನೊಳಗೆ ನೆಲೆಸಿರುತ್ತವೆ. ನೀರು ಹರಿದು ಆಮ್ಲಜನಕವನ್ನು ತರುತ್ತಿರುವವರೆಗೂ ಅವು ಜೀವಂತ. ಹರಿವು ನಿಂತ ಕೆಲವು ಗಂಟೆಗಳಲ್ಲಿ ಅವು ಉಸಿರುಗಟ್ಟಿ ಸಾಯತೊಡಗುತ್ತವೆ. ಅದಕ್ಕಿಂತ ಮೊದಲೇ ಸಂಕಟಕ್ಕೆ ಸಿಕ್ಕುವುವು ಮೀನುಗಳು. ಸಮುದ್ರಮಟ್ಟದಲ್ಲಿ 20 ಡಿಗ್ರಿಯ ಸಿಹಿನೀರಿನ ಒಂದು ಲೀಟರಿನಲ್ಲಿ 9 ಮಿಲಿಗ್ರಾಮಿನಷ್ಟು ಆಮ್ಲಜನಕವು ಕರಗಿರಬಲ್ಲುದು. 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. ಬೆಂಗಳೂರಿನ ಎತ್ತರದಲ್ಲಿ ಅದರಲ್ಲಿಯೂ ಹತ್ತರಲ್ಲೊಂದು ಪಾಲು ಕಡಿಮೆ. ರಾತ್ರಿಯಲ್ಲಿ ತೊಟ್ಟಿಯ ಸಸ್ಯಗಳೂ ಆಮ್ಲಜನಕಕ್ಕೆ ಪಾಲುದಾರರಾಗುತ್ತವೆ. ಬೆಳಗಿನ ಜಾವ ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆತೆರೆದು ಮುಚ್ಚುತ್ತಿದ್ದರೆ ಅದು ಹಸಿವಿನಿಂದಲ್ಲ.

ಸಂತೋಷದ ಸಂಗತಿಯೆಂದರೆ, ಪ್ರಾಣರಕ್ಷಣೆಗೆ ಬೇಕಾದ ವಿದ್ಯುತ್ತು ಅತ್ಯಲ್ಪ. 4 ವ್ಯಾಟಿನ ಏರ್ ಪಂಪು ಹನ್ನೆರಡು ಗಂಟೆ ನಡೆಯಲು 48 ವ್ಯಾಟ್-ಗಂಟೆ ಸಾಕು. 12 ವೋಲ್ಟಿನ, 7 ಆಂಪಿಯರ್-ಗಂಟೆಯ ಪುಟ್ಟ ಬ್ಯಾಟರಿಯಲ್ಲಿ ತುಂಬಿರುವುದು 84. ಅದಕ್ಕೊಂದು 20 ವ್ಯಾಟಿನ ಚಿಕ್ಕ ಫಲಕ, ಒಂದು ಚಾರ್ಜ್ ಕಂಟ್ರೋಲರು, ಒಂದು ಡಿ.ಸಿ. ಏರ್ ಪಂಪು ಇವಿಷ್ಟನ್ನು ಬಾಲ್ಕನಿಯಲ್ಲಿ ಜೋಡಿಸಿದರೆ, ಕರೆಂಟು ಹೋದ ರಾತ್ರಿ ಲೈನಿನ ಹಂಗಿಲ್ಲದೆ ಒಂದು ತೊಟ್ಟಿಯ ಉಸಿರಾಟವು ನಡೆದುಕೊಂಡು ಹೋಗುವುದು. ಬಾಡಿಗೆ ಮನೆಯವರಿಗೂ, ತಾರಸಿಯ ಹಕ್ಕಿಲ್ಲದ ಅಪಾರ್ಟ್‌ಮೆಂಟಿನವರಿಗೂ ಎಟುಕುವ ಸೋಲಾರ್ ಇದು. ಮನೆಯಲ್ಲಿ ಯು.ಪಿ.ಎಸ್. ಇರುವವರು ಫಿಲ್ಟರು, ಏರ್ ಪಂಪುಗಳನ್ನು ಅದರ ಲೈನಿಗೆ ಸೇರಿಸಿ, ಹೀಟರನ್ನು ಮಾತ್ರ ಸಾಧಾರಣ ಲೈನಿನಲ್ಲಿಯೇ ಉಳಿಸಬೇಕು. ನೂರಾರು ಲೀಟರ್ ನೀರು ಒಂದು ರಾತ್ರಿಯಲ್ಲಿ ಮೀನನ್ನು ಕೊಲ್ಲುವಷ್ಟು ತಣ್ಣಗಾಗುವುದು ನಮ್ಮ ಊರುಗಳಲ್ಲಿ ಅಪರೂಪ. ಹೀಟರೇನೋ ಬ್ಯಾಟರಿಯನ್ನು ಬಹುಬೇಗ ಬರಿದುಮಾಡುತ್ತದೆ.

ನೀರೂ ವಿದ್ಯುತ್ತೂ ಒಂದೆಡೆ ಸೇರಿದಲ್ಲಿ ಜಾಗರೂಕತೆಯ ಒಂದು ಮಾತನ್ನು ಹೇಳದೆ ಬಿಡಲಾಗದು. ತೊಟ್ಟಿಯಿಂದ ಪ್ಲಗ್ಗಿಗೆ ಹೋಗುವ ವೈರು ನೇರವಾಗಿ ಇಳಿದು ಸಾಕೆಟ್ಟನ್ನು ಸೇರಕೂಡದು. ಸಾಕೆಟ್ಟಿಗಿಂತ ಕೆಳಗಿನವರೆಗೆ ಜೋತುಬಿದ್ದು, ಆಮೇಲೆ ಮೇಲಕ್ಕೆ ತಿರುಗಿ ಅದನ್ನು ಸೇರಬೇಕು. ವೈರಿನ ಮೈಮೇಲೆ ಜಾರಿಬರುವ ಹನಿಯು ಆ ಕೆಳಬಾಗಿನಿಂದ ನೆಲಕ್ಕೆ ತೊಟ್ಟಿಕ್ಕುವುದಲ್ಲದೆ ಸಾಕೆಟ್ಟಿನೊಳಕ್ಕೆ ಏರದು. ಮನೆಯ ಬೋರ್ಡಿನಲ್ಲಿ ಸೋರಿಕೆಯನ್ನು ಕಂಡೊಡನೆ ಕರೆಂಟನ್ನು ಕಡಿಯುವ ಆರ್‌.ಸಿ.ಸಿ.ಬಿ. ಇರಲೇಬೇಕು, ತೊಟ್ಟಿಗೆ ಕೈಹಾಕುವ ಮುನ್ನ ಹೀಟರಿನ ಸ್ವಿಚ್ಚು ಆರಿರಬೇಕು.

ಹೀಗೆ ನೋಡಿದರೆ, ಕೆಲಸಗಳ ಕ್ರಮವು ಸ್ವಯಂಸ್ಪಷ್ಟ. ಮೊದಲು ಮೀಟರಿನ ಮುಂದೆ ನಿಂತು ತೊಟ್ಟಿಯ ಬಳಕೆಯನ್ನು ಅಳೆಯುವುದು. ಬಳಿಕ ಮುಚ್ಚಳ, ಥರ್ಮಾಕೋಲು, ಊರಿಗೊಪ್ಪುವ ಮೀನು, ಮಿತವಾದ ಪಂಪು ಇವುಗಳಿಂದ ಅದನ್ನು ತಗ್ಗಿಸುವುದು. ಕರೆಂಟು ಹೋದ ರಾತ್ರಿಗೆಂದು ಸಣ್ಣ ಬ್ಯಾಟರಿಯನ್ನು ಅಣಿಗೊಳಿಸುವುದು. ಇವೆಲ್ಲ ಆದ ಮೇಲೆ, ತೊಟ್ಟಿಯೊಂದರ ಸಲುವಾಗಿ ಅಲ್ಲ, ಇಡೀ ಮನೆಯ ವರ್ಷದ ಬಳಕೆಯನ್ನು ಮುಂದಿಟ್ಟುಕೊಂಡು ತಾರಸಿಯ ಫಲಕಗಳ ವಿಚಾರಕ್ಕೆ ಕೈಹಾಕುವುದು. ಸಾಧಾರಣ ಸಿಹಿನೀರಿನ ತೊಟ್ಟಿಯಿರುವವರಿಗೆ ಪ್ರಾಯಶಃ ಮೊದಲ ಮೂರರಲ್ಲಿಯೇ ಕಾರ್ಯವು ಮುಗಿದುಹೋಗುವುದು. ತಿಂಗಳಿಗೆ ನೂರು ರೂಪಾಯಿಯ ಬಳಕೆಗಾಗಿ ಮೂವತ್ತೈದು ಸಾವಿರದ ಏರ್ಪಾಡನ್ನು ಮಾಡಬೇಕಾದ ಅಗತ್ಯವಿಲ್ಲ. ಹವಳದ ತೊಟ್ಟಿಯನ್ನೋ, ಡಿಸ್ಕಸ್ ಮೀನುಗಳ ಸಾಲನ್ನೋ ಇಟ್ಟುಕೊಂಡು ಪ್ರತಿತಿಂಗಳೂ ಪೂರ್ಣ ಬಿಲ್ಲನ್ನು ತೆರುತ್ತಿರುವವರು ಮಾತ್ರ ಇನ್ನೂ ತಡಮಾಡುವುದರಲ್ಲಿ ಅರ್ಥವಿಲ್ಲ. ಅವರ ತೊಟ್ಟಿಯ ಖರ್ಚನ್ನು ಹೊರಲು ತಾರಸಿಯ ಮೇಲಿನ ನೂರಿಪ್ಪತ್ತು ಚದರಡಿ ಬಿಸಿಲು ಸಾಕು.